ಸಾಕ್ಸ್ ಇಲ್ಲದೆ ಸೈಕಲ್ ಹೊಡೆಯೋದಾದರೆ: ಟ್ರಯಥ್ಲಾನ್ ಶೂ ಆರಿಸುವ ಬಗೆ

ಕಾರವಾರದ ಟಾಗೋರ್ ಕಡಲತೀರದಲ್ಲಿ ಬೆಳಿಗ್ಗೆ ಈಜು ಮುಗಿಸಿ ಮೇಲೆ ಬಂದಾಗ ಒಮ್ಮೆ ನಿಮ್ಮ ಕಾಲನ್ನು ನೋಡಿಕೊಳ್ಳಿ. ಹಿಮ್ಮಡಿಗೆ ಸಕ್ಕರೆ ಅಂಟಿದ ಹಾಗೆ ಮರಳು ಮೆತ್ತಿರುತ್ತದೆ. ಪ್ರತಿ ಬೆರಳ ಸಂದಿಯಲ್ಲೂ ಮರಳಿನ ಒಂದು ಗೆರೆ. ಚರ್ಮ ನೆನೆದು ಸುಕ್ಕಾಗಿ ಮೆತ್ತಗಾಗಿರುತ್ತದೆ. ಈಜು, ಸೈಕಲ್, ಓಟ ಮೂರನ್ನೂ ಒಂದರ ಹಿಂದೆ ಒಂದು ಮುಗಿಸುವ ಟ್ರಯಥ್ಲಾನ್‌ನಲ್ಲಿ ಈ ಕಾಲನ್ನೇ ಸೈಕಲ್ ಶೂ ಒಳಗೆ ತೂರಿಸಿ ಹೊರಡಬೇಕು. ಸ್ಪ್ರಿಂಟ್ ಸ್ಪರ್ಧೆಯಾದರೆ 20 ಕಿಲೋಮೀಟರ್, ಒಲಿಂಪಿಕ್ ದೂರವಾದರೆ 40. ಅಂಗಡಿಯಲ್ಲಿ ಕೂತು, ಒಣ ಕಾಲಿಗೆ ಸಾಕ್ಸ್ ಹಾಕಿಕೊಂಡು ಆರಿಸಿದ ಶೂ ಈ ಕಾಲಿಗೆ ಹೊಂದುತ್ತೆ ಅಂತ ನಂಬಿ ಹೊರಟವನು ನಾನು.

ನನ್ನ ಮೊದಲ ಒಲಿಂಪಿಕ್ ದೂರದ ಸ್ಪರ್ಧೆ ಗೋವಾ ಕಡೆ ಇತ್ತು. ಶೂ ಹೊಸದು. ಅಂಗಡಿಯವರು "ಒಂದು ಸೈಜ್ ದೊಡ್ಡದೇ ಇರಲಿ, ಆರಾಮ ಆಗ್ತದೆ" ಅಂದಿದ್ದರು. ಸಾಕ್ಸ್ ಹಾಕಿದಾಗ ಆರಾಮವೇ ಇತ್ತು. ಸ್ಪರ್ಧೆಯ ದಿನ ಸಾಕ್ಸ್ ಬಿಟ್ಟೆ. ಹತ್ತನೇ ಕಿಲೋಮೀಟರ್‌ಗೆ ಹಿಮ್ಮಡಿ ಶೂ ಒಳಗೆ ಮೇಲೆ ಕೆಳಗೆ ಆಡತೊಡಗಿತು. ಇಪ್ಪತ್ತೈದಕ್ಕೆ ಉರಿ. ಆಮೇಲೆ 10 ಕಿಲೋಮೀಟರ್ ಓಟ ಹೇಗೆ ಮುಗಿಸಿದೆ ಅಂತ ನನಗೇ ಗೊತ್ತಿಲ್ಲ. ಎರಡು ದಿನ ಬಿಟ್ಟು ಶಿರಸಿಗೆ ಹೋದಾಗ ಆಯಿ ನನ್ನ ಹಿಮ್ಮಡಿ ನೋಡಿ, "ಎಂತಾ ಆತು ತಮಾ?" ಅಂತ ಕೇಳಿದಳು. ಎರಡೂ ಕಾಲಲ್ಲಿ ಎಂಟಾಣೆ ಅಗಲದ ಚರ್ಮ ಎದ್ದುಹೋಗಿತ್ತು.

ಆವತ್ತಿನಿಂದ ಇವತ್ತಿನವರೆಗೆ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಕರಾವಳಿಯಲ್ಲಿ ಟ್ರಯಥ್ಲಾನ್‌ಗೆ ತಯಾರಾಗುವವರಿಗೆ ನಾನು ಹೇಳೋದು ಮುಖ್ಯವಾಗಿ ಒಂದೇ ಮಾತು. ಶೂವನ್ನು ಒದ್ದೆಯಾದ ಬರಿಗಾಲಿಗೆ ಅಂತಲೇ ಆರಿಸಿ, ಆ ಕಾಲಿನ ಮರಳನ್ನು ಶೂ ಹೊರಗೇ ಬಿಡಿ.

ಸಾಕ್ಸ್ ಬಿಡೋದು ಯಾಕೆ, ಯಾವಾಗ?

ಒದ್ದೆ ಕಾಲಿಗೆ ಸಾಕ್ಸ್ ಏರಿಸಿ ನೋಡಿದವರಿಗೆ ಕಾರಣ ಗೊತ್ತು. ಅದು ಬೆರಳಿಗೆ ಸಿಕ್ಕಿಕೊಳ್ಳುತ್ತದೆ, ಹಿಮ್ಮಡಿ ಹತ್ತಿರ ತಿರುಚುತ್ತದೆ, ಮೇಲೆ ಎಳೆದಷ್ಟೂ ಸುರುಳಿಯಾಗುತ್ತದೆ. ಈಜಿ ಬಂದು ಎದೆ ಡವಡವ ಅನ್ನುವಾಗ, ಕೈ ನಡುಗುವಾಗ ಇದು ಇನ್ನೂ ಕಷ್ಟ. ಚಿಕ್ಕ ಸ್ಪರ್ಧೆಯಲ್ಲಿ ಅಷ್ಟು ಸಮಯಕ್ಕೂ ಬೆಲೆ ಇದೆ.

ಆದರೆ ದೂರ ಹೆಚ್ಚಾದಂತೆ ಲೆಕ್ಕ ಬದಲಾಗುತ್ತದೆ. ಹಾಫ್ ಐರನ್‌ಮ್ಯಾನ್‌ನಲ್ಲಿ ಸೈಕಲ್ 90 ಕಿಲೋಮೀಟರ್, ಆಮೇಲೆ 21.1 ಕಿಲೋಮೀಟರ್ ಓಟ. ಅಲ್ಲಿ ಸಾಕ್ಸ್‌ಗೆ ಕಳೆದ ಅರ್ಧ ನಿಮಿಷ ದೊಡ್ಡದಲ್ಲ, ಸುಲಿದ ಹಿಮ್ಮಡಿ ದೊಡ್ಡದು. ನಾನು ಸ್ಪ್ರಿಂಟ್, ಒಲಿಂಪಿಕ್ ದೂರಗಳಲ್ಲಿ ಸೈಕಲ್ ಮೇಲೆ ಮಾತ್ರ ಸಾಕ್ಸ್ ಬಿಡುತ್ತೇನೆ. ಓಟದ ಶೂ ಹಾಕುವಾಗ ಸಾಕ್ಸ್ ಹಾಕಿಕೊಳ್ಳುತ್ತೇನೆ. ಅಷ್ಟು ಹೊತ್ತಿಗೆ ಕಾಲು ಸುಮಾರು ಒಣಗಿರುತ್ತದೆ, ಬೇಗ ಏರುತ್ತದೆ. ಸೈಕಲ್ ಮೇಲೆ ಪಾದ ಒಂದೇ ಕಡೆ ಒತ್ತಿಕೊಂಡಿರುತ್ತದೆ. ಓಡುವಾಗ ಪ್ರತಿ ಹೆಜ್ಜೆಗೂ ಜಾರುತ್ತದೆ. ಹಾಗಾಗಿ ಗುಳ್ಳೆ ಏಳೋದು ಓಟದಲ್ಲೇ ಜಾಸ್ತಿ.

ಸಕ್ಕರೆ ಕಾಯಿಲೆ ಇದ್ದವರು ದಯವಿಟ್ಟು ಇದನ್ನು ಮಾಡಬೇಡಿ. ಪಾದದ ಸ್ಪರ್ಶ ಕಡಿಮೆಯಾಗಿದ್ದರೆ ಗಾಯ ಆದದ್ದೇ ತಿಳಿಯುವುದಿಲ್ಲ, ವಾಸಿಯಾಗುವುದೂ ನಿಧಾನ. ಬೆರಳ ಸಂದಿಯಲ್ಲಿ ಕೆಸರುಹುಣ್ಣು ಇದ್ದರೂ ಅದು ಪೂರ್ತಿ ವಾಸಿಯಾಗುವ ತನಕ ಸಾಕ್ಸ್ ಬಿಡಬೇಡಿ.

ಕಾಲು ಅಳೆಯೋದರಿಂದ ಶುರು

ಬೆಳಿಗ್ಗೆ ಎದ್ದ ಕೂಡಲೇ ಅಳತೆ ತೆಗೆಯಬೇಡಿ. ಸಂಜೆ ಹೊತ್ತಿಗೆ ಪಾದ ಸ್ವಲ್ಪ ಊದಿಕೊಂಡಿರುತ್ತದೆ. ನಮ್ಮ ಸೆಕೆಯಲ್ಲಿ ಸೈಕಲ್ ಹೊಡೆಯುವಾಗಲೂ ಹಾಗೇ ಊದಿಕೊಳ್ಳುತ್ತದೆ. ಆದ್ದರಿಂದ ಸಂಜೆಯೇ ಸರಿ. ಗೋಡೆಗೆ ತಾಗಿಸಿ ಒಂದು ಕಾಗದ ಇಡಿ. ಹಿಮ್ಮಡಿ ಗೋಡೆಗೆ ಮುಟ್ಟಿಸಿ, ಪೂರ್ತಿ ಭಾರ ಹಾಕಿ ನಿಲ್ಲಿ. ಎಲ್ಲಕ್ಕಿಂತ ಉದ್ದದ ಬೆರಳ ತುದಿಗೆ ಗುರುತು ಹಾಕಲು ಮನೆಯವರಿಗೆ ಹೇಳಿ, ನೀವೇ ಬಗ್ಗಿದರೆ ಪಾದ ಜರುಗುತ್ತದೆ. ಎಷ್ಟೋ ಜನರಿಗೆ ಎರಡನೇ ಬೆರಳು ಹೆಬ್ಬೆರಳಿಗಿಂತ ಉದ್ದ. ಅಗಲವನ್ನೂ ಗುರುತು ಮಾಡಿ, ಹೆಬ್ಬೆರಳ ಬುಡದ ಉಬ್ಬಿನಿಂದ ಕಿರುಬೆರಳ ಬುಡದವರೆಗೆ. ಎರಡೂ ಕಾಲು ಅಳೆಯಿರಿ. ದೊಡ್ಡ ಕಾಲಿನ ಅಳತೆಯೇ ನಿಮ್ಮ ಅಳತೆ.

ಅಗಲದ ಬಗ್ಗೆ ಒಂದು ಮಾತು ಹೇಳಲೇಬೇಕು. ಚಿಕ್ಕಂದಿನಿಂದ ಚಪ್ಪಲಿಯಲ್ಲೇ, ಬರಿಗಾಲಲ್ಲೇ ಓಡಾಡಿದ ಪಾದದ ಬೆರಳುಗಳು ಬಿಡಿಸಿಕೊಂಡಿರುತ್ತವೆ. ತೋಟದಲ್ಲಿ, ದೋಣಿಯಲ್ಲಿ ಕೆಲಸ ಮಾಡಿದವರ ಕಾಲು ನೋಡಿ, ಗೊತ್ತಾಗುತ್ತದೆ. ಸೈಕಲ್ ಶೂಗಳಲ್ಲಿ ಎಷ್ಟೋ ಮಾದರಿಗಳ ಮುಂಭಾಗ ಕಿರಿದು. ಉದ್ದ ಸರಿಯಿದ್ದು ಅಗಲ ಸಾಲದೆ ಇದ್ದಾಗ ಜನ ಒಂದು ಸೈಜ್ ದೊಡ್ಡದು ತಗೊಳ್ತಾರೆ. ನಾನೂ ಅದನ್ನೇ ಮಾಡಿದ್ದು. ಆಗ ಮುಂದೆ ಜಾಗ ಸಿಗುತ್ತದೆ, ಹಿಂದೆ ಹಿಮ್ಮಡಿ ಸಡಿಲವಾಗುತ್ತದೆ. ಅಗಲದ ಮಾದರಿ ಅಂತ ಬೇರೆಯೇ ಬರುತ್ತದೆ, ಶಿಮಾನೋ ಸೇರಿ ಕೆಲವು ಕಂಪನಿಗಳು ಮಾಡುತ್ತವೆ. ಅದನ್ನು ಕೇಳಿ ತೆಗೆದುಕೊಳ್ಳಿ. ಒಂದು ಕಂಪನಿಯ 42 ಇನ್ನೊಂದರ 42 ಆಗಿರೋದಿಲ್ಲ. ಕಾರವಾರ, ಶಿರಸಿಯಲ್ಲಿ ಇಂಥ ಶೂ ಸುಲಭಕ್ಕೆ ಸಿಗೋದಿಲ್ಲ, ಹೆಚ್ಚಿನವರು ಆನ್‌ಲೈನ್‌ನಲ್ಲೇ ತರಿಸುತ್ತಾರೆ. ಆದ್ದರಿಂದ ಕಂಪನಿಯ ಸೆಂಟಿಮೀಟರ್ ಪಟ್ಟಿ ನೋಡಿ, ವಾಪಸ್ ಮಾಡಲು ಬರುತ್ತಾ ಅಂತ ಮೊದಲೇ ಓದಿಕೊಳ್ಳಿ.

ಶೂ ಕೈಗೆ ಬಂದ ಮೇಲೆ

ಮೊದಲು ಕಣ್ಣಿಗಿಂತ ಬೆರಳಿಗೆ ಕೆಲಸ ಕೊಡಿ. ಶೂ ಒಳಗೆ ಕೈ ಹಾಕಿ ನಿಧಾನಕ್ಕೆ ಸವರಿ. ಹೊಲಿಗೆ ಎಲ್ಲಿ ಸಿಗುತ್ತದೆ? ಹಿಮ್ಮಡಿಯ ಹಿಂದೆ, ಕಿರುಬೆರಳ ಪಕ್ಕದಲ್ಲಿ, ನಾಲಿಗೆ ಶೂಗೆ ಸೇರುವ ಕಡೆ ನೋಡಿ. ನಾನು ಮಾಡುವ ಉಪಾಯ ಏನಂದರೆ, ಹಳೆಯ ನೈಲಾನ್ ಸೀರೆಯ ತುಂಡನ್ನು ಕೈಗೆ ಸುತ್ತಿಕೊಂಡು ಒಳಗೆ ಉಜ್ಜೋದು. ಬೆರಳಿಗೆ ಗೊತ್ತಾಗದ ದಾರದ ಗಂಟು, ಅಂಟಿನ ಚೂರು ನೈಲಾನ್‌ಗೆ ಸಿಕ್ಕಿಕೊಳ್ಳುತ್ತದೆ. ಅದು ಸಿಕ್ಕಿದ ಜಾಗವೇ ನಾಳೆ ಗುಳ್ಳೆಯ ಜಾಗ. ಒಳ್ಳೆಯ ಟ್ರಯಥ್ಲಾನ್ ಶೂಗಳ ಒಳಮೈ ಹೊಲಿಗೆ ಇಲ್ಲದೆ ನುಣುಪಾಗಿ ಇರುತ್ತದೆ. ಬರಿಗಾಲಿಗೆ ಅಂತಲೇ ಹಾಗೆ ಮಾಡಿರುತ್ತಾರೆ.

ಆಮೇಲೆ ಪಟ್ಟಿ. ಟ್ರಯಥ್ಲಾನ್ ಶೂಗೆ ಲೇಸ್ ಇರೋದಿಲ್ಲ. ಒಂದೋ ಎರಡೋ ಅಗಲದ ವೆಲ್ಕ್ರೋ ಪಟ್ಟಿ ಇರುತ್ತದೆ. ಮೇಲಿನ ದೊಡ್ಡ ಪಟ್ಟಿ ಬಿಚ್ಚಿದಾಗ ಅದು ಸೈಕಲ್‌ನಿಂದ ಹೊರಗಡೆಗೆ ಬೀಳಬೇಕು. ಚೈನ್ ಕಡೆಗೆ ಜೋತುಬಿದ್ದರೆ ಕ್ರ್ಯಾಂಕ್‌ಗೆ, ಅಂದರೆ ಪೆಡಲ್ ಹಿಡಿದ ತೋಳಿಗೆ, ಸಿಕ್ಕಿಕೊಳ್ಳುವ ಭಯ. ಹಿಮ್ಮಡಿ ಹಿಂದೆ ಬೆರಳು ತೂರುವಷ್ಟು ದೊಡ್ಡ ಕುಣಿಕೆ ಇರಲಿ. ಒದ್ದೆ ಕೈಯಲ್ಲಿ ಶೂ ಎಳೆದುಕೊಳ್ಳೋದು ಅದರಿಂದಲೇ. ತಿರುಗಿಸುವ ಡಯಲ್ ಇರುವ ಶೂ ಬಿಗಿಗೆ ಚೆನ್ನಾಗಿರುತ್ತದೆ, ಆದರೆ ಡಯಲ್ ಒಳಗೆ ಮರಳು ಕೂತರೆ ತಿರುಗೋದಿಲ್ಲ. ನಮ್ಮ ಕಡಲತೀರಕ್ಕೆ ವೆಲ್ಕ್ರೋವೇ ವಾಸಿ. ವೆಲ್ಕ್ರೋಗೂ ಮರಳು ತುಂಬುತ್ತದೆ. ಹಳೆಯ ಹಲ್ಲುಜ್ಜುವ ಬ್ರಶ್‌ನಿಂದ ಆಗಾಗ ಬಿಡಿಸುತ್ತಿದ್ದರೆ ಸಾಕು.

ಅಡಿಭಾಗ ತಿರುಗಿಸಿ ನೋಡಿ. ನೀರು ಹೊರಹೋಗಲು ತೂತುಗಳು ಇರಬೇಕು, ಮೇಲ್ಭಾಗದಲ್ಲಿ ಗಾಳಿಯಾಡುವ ಬಲೆ ಇರಬೇಕು. ಅಡಿಭಾಗ ನೈಲಾನ್‌ನದೋ ಕಾರ್ಬನ್‌ನದೋ ಅನ್ನುವ ಚರ್ಚೆಗೆ ಜಾಸ್ತಿ ತಲೆಕೆಡಿಸಿಕೊಳ್ಳಬೇಡಿ. ಕಾರ್ಬನ್ ಹಗುರ, ಗಟ್ಟಿ, ದುಬಾರಿ. ಮೊದಲ ಎರಡು ವರ್ಷಕ್ಕೆ ನೈಲಾನ್ ಧಾರಾಳ. ಉಳಿದ ದುಡ್ಡಲ್ಲಿ ಒಳ್ಳೆಯ ಹೆಲ್ಮೆಟ್ ತಗೊಳ್ಳಿ.

ಈಗ ಬರಿಗಾಲಲ್ಲೇ ಹಾಕಿಕೊಳ್ಳಿ. ಸಾಕ್ಸ್ ಬೇಡ. ಉದ್ದದ ಬೆರಳು ಮುಂದಿನ ಗೋಡೆಗೆ ತಾಗಬಾರದು, ಅರ್ಧ ಸೆಂಟಿಮೀಟರ್‌ನಷ್ಟು ಜಾಗ ಇದ್ದರೆ ಸರಿ. ಬೆರಳು ಆಡಿಸಲು ಬರಬೇಕು. ಪಟ್ಟಿ ಬಿಗಿದು ತುದಿಗಾಲಲ್ಲಿ ನಿಂತಾಗ ಹಿಮ್ಮಡಿ ಮೇಲೆ ಏಳಬಾರದು. ಇದೇ ಮುಖ್ಯ ಪರೀಕ್ಷೆ. ಚಾಪೆಯ ಮೇಲೆ ಇಪ್ಪತ್ತು ನಿಮಿಷ ಹಾಗೇ ಕೂತಿರಿ. ಆಮೇಲೆ ಶೂ ಬಿಚ್ಚಿ ಪಾದ ನೋಡಿ. ಕೆಂಪು ಗುರುತು ಎಲ್ಲಿದೆ? ಐದು ನಿಮಿಷದಲ್ಲಿ ಮಾಯವಾದರೆ ಚಿಂತೆ ಇಲ್ಲ. ಹಾಗೇ ಉಳಿದರೆ ಶೂ ವಾಪಸ್ ಕಳಿಸಿ. "ಹಾಕ್ತಾ ಹಾಕ್ತಾ ಸಡಿಲ ಆಗ್ತದೆ" ಅನ್ನೋದು ಚರ್ಮದ ಚಪ್ಪಲಿಗೆ ಸರಿ, ಈ ಶೂಗಳಿಗೆ ಅಲ್ಲ.

ಕ್ಲೀಟ್ ಕೂರಿಸುವಾಗ

ಕ್ಲೀಟ್ ಅಂದರೆ ಶೂ ಅಡಿಗೆ ಬೋಲ್ಟ್‌ನಿಂದ ಕೂರಿಸುವ, ಪೆಡಲ್‌ಗೆ ಸಿಕ್ಕಿಕೊಳ್ಳುವ ತುಂಡು. ಶೂ ಕೊಳ್ಳುವ ಮೊದಲೇ ನಿಮ್ಮ ಪೆಡಲ್ ಯಾವುದು ನೋಡಿಕೊಳ್ಳಿ. ಟ್ರಯಥ್ಲಾನ್ ಶೂಗಳು ಹೆಚ್ಚಾಗಿ ಮೂರು ಬೋಲ್ಟ್‌ನವು. ಬೆಟ್ಟದ ಸೈಕಲ್‌ಗೆ ಬಳಸುವ ಎರಡು ಬೋಲ್ಟ್‌ನ ಪೆಡಲ್ ಇದ್ದರೆ ಹೊಂದುವುದಿಲ್ಲ. ಶಿಮಾನೋದ ಮೂರು ಬೋಲ್ಟ್ ಕ್ಲೀಟ್‌ಗಳಲ್ಲಿ ಹಳದಿಗೆ 6 ಡಿಗ್ರಿ ಆಟ (ಪಾದ ಅತ್ತಿತ್ತ ತಿರುಗಲು ಜಾಗ), ನೀಲಿಗೆ 2 ಡಿಗ್ರಿ, ಕೆಂಪಿಗೆ ಸೊನ್ನೆ. ಹೊಸಬರು ಹಳದಿಯಿಂದಲೇ ಶುರುಮಾಡಿ. ಮೊಣಕಾಲಿಗೆ ತನ್ನ ದಾರಿ ಹಿಡಿಯಲು ಜಾಗ ಸಿಗುತ್ತದೆ.

ಶೂ ಹಾಕಿಕೊಂಡು ಹೆಬ್ಬೆರಳ ಬುಡದ ಉಬ್ಬು, ಕಿರುಬೆರಳ ಬುಡದ ಉಬ್ಬು ಎರಡನ್ನೂ ಹೊರಗಿನಿಂದ ಒತ್ತಿ ಹುಡುಕಿ. ಟೇಪ್ ಅಂಟಿಸಿ ಗುರುತು ಮಾಡಿ. ಪೆಡಲ್‌ನ ಅಚ್ಚು ಈ ಎರಡರ ನಡುವೆ ಬರುವ ಹಾಗೆ ಕ್ಲೀಟ್ ಇಡಿ. ತುಂಬಾ ಮುಂದಿಟ್ಟರೆ ಮೀನಖಂಡ ಸೋಲುತ್ತದೆ, ಆಮೇಲೆ ಓಡುವುದು ಕಷ್ಟ. ಬೋಲ್ಟ್‌ಗೆ ಹಾಕುವ ಮೊದಲು ಚೂರು ಗ್ರೀಸ್ ಹಚ್ಚಿ. ಉಪ್ಪುಗಾಳಿಗೆ ತುಕ್ಕು ಹಿಡಿದ ಬೋಲ್ಟ್ ಬಿಚ್ಚಲು ನಾನು ಒಂದು ಇಡೀ ಭಾನುವಾರ ಕಳೆದಿದ್ದೇನೆ.

ಪಾದ ಪಳಗಿಸೋದು

ಮೊದಲ ಸಲವೇ ಸ್ಪರ್ಧೆಯಲ್ಲಿ ಸಾಕ್ಸ್ ಬಿಡಬೇಡಿ. ಕನಿಷ್ಠ ಆರು ವಾರ ಕೊಡಿ. ಮೊದಲ ವಾರ ಮನೆಯಲ್ಲಿ ಟ್ರೈನರ್ (ಸೈಕಲ್ ಕೂರಿಸಿ ನಿಂತಲ್ಲೇ ತುಳಿಯುವ ಸ್ಟ್ಯಾಂಡ್) ಮೇಲೆ ಇಪ್ಪತ್ತು ನಿಮಿಷ, ಒಣ ಕಾಲಲ್ಲಿ. ಆಮೇಲೆ ರಸ್ತೆಯಲ್ಲಿ 10 ಕಿಲೋಮೀಟರ್. ಇದಕ್ಕೆ ನನಗೆ ಕಾಳಿ ನದಿಯ ಪಕ್ಕ ಕದ್ರಾ ಕಡೆಗೆ ಹೋಗುವ ರಸ್ತೆ ಇಷ್ಟ. ಹೆದ್ದಾರಿ 66ರ ಲಾರಿಗಳ ಕಾಟ ಅಲ್ಲಿಲ್ಲ, ಎಲ್ಲಿ ಬೇಕಾದರೂ ನಿಲ್ಲಿಸಿ ಕಾಲು ನೋಡಿಕೊಳ್ಳಬಹುದು. 20 ಕಿಲೋಮೀಟರ್ ಆರಾಮಾಗಿ ಮುಗಿಯುವಂತಾದ ಮೇಲೆ ಒದ್ದೆ ಕಾಲಿನ ಅಭ್ಯಾಸ ಶುರುಮಾಡಿ.

ಮಳೆಗಾಲದಲ್ಲಿ ಕಡಲಿಗೆ ಇಳಿಯುವ ಮಾತೇ ಇಲ್ಲ. ಆಗ ಕಡಲ ನೀರನ್ನು ಮನೆಯಲ್ಲೇ ಮಾಡಿಕೊಳ್ಳಿ. ಸಮುದ್ರದ ನೀರಲ್ಲಿ ಲೀಟರ್‌ಗೆ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಬಕೆಟ್‌ನಲ್ಲಿ ಅದೇ ಲೆಕ್ಕಕ್ಕೆ ಉಪ್ಪು ಕರಗಿಸಿ, ಹದಿನೈದು ನಿಮಿಷ ಕಾಲು ನೆನೆಹಾಕಿ, ಒರೆಸದೆ ಶೂ ಹಾಕಿ ಟ್ರೈನರ್ ಹತ್ತಿ. ಉಪ್ಪು ಒಣಗುತ್ತಾ ಬಂದಾಗ ಚರ್ಮಕ್ಕೆ ಹೇಗೆ ಉಜ್ಜುತ್ತದೆ ಅಂತ ಮನೆಯಲ್ಲೇ ತಿಳಿಯುತ್ತದೆ. ಶಿರಸಿ ಕಡೆಯವರಿಗೆ ಇನ್ನೊಂದು ಮಾತು: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೇವಿಮನೆ ಘಟ್ಟದ ಕಡೆ ಸಾಕ್ಸ್ ಇಲ್ಲದೆ ಹೋಗಬೇಡಿ. ರಸ್ತೆ ಬದಿ ಎರಡು ನಿಮಿಷ ನಿಂತರೆ ಉಂಬಳ (ಜಿಗಣೆ) ಶೂ ಹತ್ತುತ್ತದೆ. ಅದು ಕಚ್ಚಿದ ಜಾಗದ ಮೇಲೆ ಪಟ್ಟಿ ಉಜ್ಜಿದರೆ ವಾರಗಟ್ಟಲೆ ತುರಿಕೆ.

ಪಾದ ಪಳಗೋದು ಅಂದರೆ ಒರಟಾಗೋದಲ್ಲ. ಒಡೆದ ಹಿಮ್ಮಡಿಯ ಅಂಚೇ ಶೂಗೆ ಸಿಕ್ಕಿ ಮೊದಲು ಕಿತ್ತುಬರುತ್ತದೆ. ಆಯಿ ಆವತ್ತು ಒಳಗಿನಿಂದ ಮುರುಗಲ ತುಪ್ಪದ ಉಂಡೆ ತಂದು ಕೊಟ್ಟಿದ್ದಳು. ಗಾಯ ಮಾಗಿದ ಮೇಲೆ ಹಚ್ಚಲು ಹೇಳಿದಳು. ಮೇಣದ ಹಾಗೆ ಗಟ್ಟಿ ಇರುತ್ತದೆ, ದೀಪದ ಹತ್ತಿರ ಚೂರು ಬಿಸಿ ತೋರಿಸಿ ಹಿಮ್ಮಡಿಗೆ ತಿಕ್ಕಿದರೆ ಕರಗಿ ಇಳಿಯುತ್ತದೆ. ಈಗಲೂ ರಾತ್ರಿ ಮಲಗುವ ಮೊದಲು ಹಚ್ಚುತ್ತೇನೆ. ಒಡಕು ಇಲ್ಲದ, ಮೆದುವಾದ ಚರ್ಮಕ್ಕೆ ಗುಳ್ಳೆ ಕಡಿಮೆ ಅನ್ನೋದು ನನ್ನ ಅನುಭವ. ಉಗುರನ್ನು ಸ್ಪರ್ಧೆಗೆ ಮೂರು ದಿನ ಮೊದಲೇ ನೇರಕ್ಕೆ ಕತ್ತರಿಸಿ. ಹಿಂದಿನ ರಾತ್ರಿ ಕತ್ತರಿಸಿದರೆ ಅಂಚು ಚೂಪಾಗಿ ಪಕ್ಕದ ಬೆರಳಿಗೆ ಗೀರುತ್ತದೆ.

ಜಾರುಮುಲಾಮು ಎಲ್ಲಿ ಹಚ್ಚಬೇಕು

ಇಲ್ಲಿ ಎಷ್ಟೋ ಜನ ತಪ್ಪು ಮಾಡುತ್ತಾರೆ. ವ್ಯಾಸಲೀನ್ ಡಬ್ಬಿಯನ್ನು ಸೈಕಲ್ ಹತ್ತಿರ ಇಟ್ಟು, ಈಜಿ ಬಂದ ಮೇಲೆ ಕಾಲಿಗೆ ಹಚ್ಚಿಕೊಳ್ಳಲು ನೋಡುತ್ತಾರೆ. ಒದ್ದೆ ಚರ್ಮಕ್ಕೆ ಅದು ಹಿಡಿಯೋದಿಲ್ಲ. ಕೈಗೆಲ್ಲ ಅಂಟಿ ಆಮೇಲೆ ಬ್ರೇಕ್ ಹಿಡಿಯಲು ಜಾರುತ್ತದೆ. ಹಚ್ಚಬೇಕಾದದ್ದು ಶೂ ಒಳಗೆ, ಹಿಂದಿನ ರಾತ್ರಿ. ಹಿಮ್ಮಡಿ ಹಿಂಭಾಗ, ಹೆಬ್ಬೆರಳ ಪಕ್ಕ, ಕಿರುಬೆರಳ ಹೊರಮಗ್ಗುಲು, ಪಟ್ಟಿ ಒತ್ತುವ ಪಾದದ ಮೇಲ್ಭಾಗ, ಈ ನಾಲ್ಕು ಕಡೆ. ಇಪ್ಪತ್ತು ನಿಮಿಷ ಕೂತಾಗ ಕೆಂಪಾಗಿತ್ತಲ್ಲ, ಆ ಜಾಗ ನೆನಪಿದ್ದರೆ ಇನ್ನೂ ಒಳ್ಳೆಯದು. ತೆಳುವಾಗಿ ಹಚ್ಚಿ, ಬೆರಳಿಗೆ ಜಿಡ್ಡು ತಿಳಿಯುವಷ್ಟು ಮಾತ್ರ. ದಪ್ಪ ಹಚ್ಚಿದರೆ ಅದೇ ಮರಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಟಾಲ್ಕಮ್ ಪೌಡರ್ ನನಗೆ ಸೈಕಲ್ ಶೂನಲ್ಲಿ ಕೆಲಸಕ್ಕೆ ಬಂದಿಲ್ಲ. ಒದ್ದೆ ಕಾಲು ಇಟ್ಟ ಕೂಡಲೇ ಹಿಟ್ಟು ಕಲಸಿದ ಹಾಗಾಗಿ ಉಂಡೆಗಟ್ಟುತ್ತದೆ. ಓಟದ ಸಾಕ್ಸ್ ಒಳಗೆ ಹಾಕಿಡಿ, ಅಲ್ಲಿ ಉಪಯೋಗ ಇದೆ.

ಮರಳು ತೊಳೆಯುವ ಕ್ರಮ

ನೀರಿನಿಂದ ಮೇಲೆ ಬರುವಾಗ ಒಣಮರಳಿನ ಮೇಲೆ ಆದಷ್ಟು ಕಡಿಮೆ ಓಡಿ. ಅಲೆ ಬಡಿದು ಗಟ್ಟಿಯಾದ ಮರಳು ಎಲ್ಲಿವರೆಗೆ ಇದೆಯೋ ಅಲ್ಲಿವರೆಗೆ ಅದರ ಮೇಲೇ ಬನ್ನಿ. ಹಿಂದಿನ ದಿನ ಇಳಿತ ಎಷ್ಟು ಹೊತ್ತಿಗೆ ಅಂತ ನೋಡಿಟ್ಟುಕೊಂಡರೆ ಎಷ್ಟು ದೂರ ಮರಳಲ್ಲಿ ಓಡಬೇಕು ಅಂತ ಅಂದಾಜು ಸಿಗುತ್ತದೆ.

ಸೈಕಲ್ ಪಕ್ಕ ಒಂದು ಬಾಟಲಿ ಸಿಹಿನೀರು, ಒಂದು ಸಣ್ಣ ಟವೆಲ್ ಇಡಿ. ಬೇಸಿನ್ ಇಡಲು ಎಲ್ಲ ಸ್ಪರ್ಧೆಗಳಲ್ಲೂ ಬಿಡೋದಿಲ್ಲ, ನಿಯಮ ಕೇಳಿಕೊಳ್ಳಿ. ಬಾಟಲಿಯ ಮುಚ್ಚಳಕ್ಕೆ ಸೂಜಿಯಿಂದ ನಾಲ್ಕು ತೂತು ಮಾಡಿ ಹಿಂಡಿದರೆ ನೀರು ಜೋರಾಗಿ ಚಿಮ್ಮುತ್ತದೆ. ಮೊದಲು ಬೆರಳ ಸಂದಿ, ಆಮೇಲೆ ಹಿಮ್ಮಡಿ, ಕೊನೆಗೆ ಅಂಗಾಲು. ಟವೆಲ್ ಮೇಲೆ ಎರಡು ಸಲ ಕಾಲು ಒತ್ತಿ, ಉಜ್ಜಬೇಡಿ. ಉಜ್ಜಿದರೆ ಉಳಿದ ಕಾಳು ಚರ್ಮಕ್ಕೆ ಗೀರುತ್ತದೆ. ನನಗೆ ಇದಕ್ಕೆಲ್ಲ ಹದಿನೈದು ಸೆಕೆಂಡ್ ಬೇಕು. ಆ ಹದಿನೈದು ಸೆಕೆಂಡ್ ಉಳಿಸಲು ಹೋಗಬೇಡಿ.

ಹೆಲ್ಮೆಟ್ ಪಟ್ಟಿ ಹಾಕಿದ ಮೇಲೆಯೇ ಸೈಕಲ್ ಮುಟ್ಟಬೇಕು ಅನ್ನೋದು ನಿಯಮ, ಮರೆಯಬೇಡಿ.

ಶೂ ಎಲ್ಲಿ ಹಾಕಿಕೊಳ್ಳಬೇಕು? ಸೈಕಲ್ ಹತ್ತಿರವೇ ಹಾಕಿಕೊಂಡು ಓಡಿದರೆ ಕ್ಲೀಟ್ ಸಂದಿಗೆ ಮರಳು ತುಂಬಿ ಪೆಡಲ್‌ಗೆ ಕೂರೋದೇ ಇಲ್ಲ. ಹಾಗಾಗಿ ಶೂಗಳನ್ನು ಮೊದಲೇ ಪೆಡಲ್‌ಗೆ ಸಿಕ್ಕಿಸಿಡೋದು ನಮ್ಮ ಕಡೆಗೆ ಒಳ್ಳೆಯದು. ಹಿಮ್ಮಡಿ ಕುಣಿಕೆಗೆ ತೆಳು ರಬ್ಬರ್ ಬ್ಯಾಂಡ್ ಹಾಕಿ, ಒಂದನ್ನು ಹಿಂದಿನ ಚಕ್ರದ ಲಿವರ್‌ಗೆ, ಇನ್ನೊಂದನ್ನು ಬಾಟಲಿ ಗೂಡಿನ ಬೋಲ್ಟ್‌ಗೆ ಸಿಕ್ಕಿಸಿದರೆ ಶೂ ನೆಲಕ್ಕೆ ಸಮನಾಗಿ ನಿಲ್ಲುತ್ತದೆ. ಪೆಡಲ್ ತುಳಿದಾಗ ಬ್ಯಾಂಡ್ ತಾನೇ ಹರಿಯುತ್ತದೆ. ಓಡುತ್ತಾ ಬಂದು ಹಾರಿ ಕೂರೋದು ನೋಡಲು ಚೆಂದ, ಆದರೆ ಮೊದಲ ವರ್ಷ ಬೇಡ. ಸೈಕಲ್ ಹತ್ತಲು ಅಂತ ಸ್ಪರ್ಧೆಯಲ್ಲಿ ಎಳೆದ ಗೆರೆ ದಾಟಿ, ನಿಂತು, ಕಾಲು ದಾಟಿಸಿ, ಅಂಗಾಲಿಗೆ ಅಂಟಿದ ಕಲ್ಲುಪುಡಿ ಕೈಯಿಂದ ಒಮ್ಮೆ ಒರೆಸಿ, ಶೂಗಳ ಮೇಲೆ ಕಾಲಿಟ್ಟು ಹೊರಡಿ. ವೇಗ ಬಂದ ಮೇಲೆ ಒಂದೊಂದೇ ಕಾಲು ಒಳಗೆ ತೂರಿಸಿ ಪಟ್ಟಿ ಬಿಗಿಯಿರಿ. ಇದನ್ನು ಮಾಲಾದೇವಿ ಮೈದಾನದಂಥ ಖಾಲಿ ಜಾಗದಲ್ಲಿ ಕಣ್ಣು ಮುಂದಿಟ್ಟು, ಶೂ ನೋಡದೆ ಮಾಡಲು ಬರುವ ತನಕ ಅಭ್ಯಾಸ ಮಾಡಿ. ರಸ್ತೆಯಲ್ಲಿ ಕಲಿಯಲು ಹೋಗಬೇಡಿ.

ಮುಗಿದ ಮೇಲೆ

ಗುಳ್ಳೆ ಎದ್ದಿದ್ದರೆ ಒಡೆಯಬೇಡಿ. ತಾನೇ ಒಡೆದಿದ್ದರೆ ಸೋಪು ನೀರಲ್ಲಿ ತೊಳೆದು, ಮೇಲಿನ ಚರ್ಮ ಕೀಳದೆ, ಶುಭ್ರ ಪಟ್ಟಿ ಹಾಕಿ. ಸುತ್ತ ಕೆಂಪಾಗಿ ಹಬ್ಬಿದರೆ, ಕೀವಾದರೆ ಡಾಕ್ಟರ ಹತ್ತಿರ ಹೋಗಿ. ಗಾಯ ಇರುವಾಗ ಕಡಲಿಗೆ ಇಳಿಯಬೇಡಿ.

ಶೂವನ್ನು ಅದೇ ದಿನ ತೊಳೆಯಬೇಕು. ಒಳಗಿನ ಮೆತ್ತೆ ತೆಗೆದು ಬೇರೆ ಇಡಿ, ಮರಳೆಲ್ಲ ಅದರ ಅಡಿಯಲ್ಲೇ ಇರುತ್ತದೆ. ಸಿಹಿನೀರು ಎರಡು ಸಲ ಸುರಿದು, ಸ್ವಲ್ಪ ಸೋಪು ಹಾಕಿ ಬ್ರಶ್‌ನಿಂದ ತಿಕ್ಕಿ ತೊಳೆಯಿರಿ. ಬಿಸಿಲಿಗೆ ಇಡಬೇಡಿ, ಅಂಟು ಬಿಡುತ್ತದೆ. ಒಳಗೆ ಪೇಪರ್ ತುರುಕಿ ಫ್ಯಾನ್ ಕೆಳಗಿಡಿ. ಮಳೆಗಾಲದಲ್ಲಿ ಒಂದು ಪೇಪರ್ ಸಾಲದು, ರಾತ್ರಿ ಮಲಗುವ ಮೊದಲು ಒಮ್ಮೆ, ಬೆಳಿಗ್ಗೆ ಎದ್ದು ಒಮ್ಮೆ ಬದಲಿಸಿ.